ಯಾರ ಎಡ?

ಮಾರ್ಚ್ ೩, ಮಂಗಳವಾರ

ಈ ಪುಸ್ತಕ ಭಾವ ಕೊಟ್ಟದ್ದು. ಅವರು ಹಲ್ಲಿನ ಡಾಕ್ಟರು. ಹೊಸ ವರ್ಷಕ್ಕೆ ಯಾವುದೋ ಟೂತ್‌ಪೇಸ್ಟ್ ಕಂಪನಿ ಇಂಥವನ್ನು ರಾಶಿ ರಾಶಿ ಕಳಿಸಿತ್ತಂತೆ. ಪ್ರತಿ ಪುಟದ ಕೆಳಗೂ ಒಂದು ನಗುವ ಹಲ್ಲಿನ ಚಿತ್ರ. ಇವತ್ತು ನನಗೆ ಯಾರ ಹಲ್ಲು ನೋಡುವ ಮನಸ್ಸೂ ಇಲ್ಲ, ಆದರೂ ಬರೆಯುತ್ತೇನೆ. ಮಾತಾಡಲು ಇದ್ದ ಒಬ್ಬಳ ಜೊತೆ ಇನ್ನು ಮಾತಿಲ್ಲ. ಹೊಟ್ಟೆಯಲ್ಲಿದ್ದದ್ದು ಎಲ್ಲಾದರೂ ಹೊರಗೆ ಹೋಗಬೇಕಲ್ಲ.

ಆ ಒಬ್ಬಳು ನನಗಿಂತ ಮೂರು ವರ್ಷ ದೊಡ್ಡವಳು, ಒಂದೇ ತಾಯಿಯ ಮಗಳು, ಭಾವನ ಹೆಂಡತಿ. ಆ ಸಂಬಂಧಕ್ಕೆ ಇರುವ ಎರಡಕ್ಷರದ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನಾವಿಬ್ಬರೂ ಬೆಳ್ಳಿಯ ಒಡವೆ ಮಾಡುವ ರೂಮಿನಲ್ಲಿ ಅವಳ ಬೆಂಚು ನನ್ನದಕ್ಕೆ ಎದುರು. ಆದ್ದರಿಂದ ಇನ್ನು ಮೇಲೆ ಅವಳು ‘ಎದುರು ಬೆಂಚು’. ಬೆಂಚಿಗೆ ಹೆಣ್ಣು ಗಂಡು ಇಲ್ಲ, ‘ಅದು’ ಎಂದರೆ ಸಾಕು.

ನಡೆದದ್ದು ಇಷ್ಟು. ಹೋದ ತಿಂಗಳು ಒಂದು ಪತ್ರಿಕೆಯಿಂದ ಒಬ್ಬ ಹುಡುಗಿ ಬಂದಿದ್ದಳು. ‘ನಿಮ್ಮ ಸ್ಫೂರ್ತಿ ಏನು?’ ಎಂದು ಎಷ್ಟು ಸಲ ಕೇಳಿದಳೆಂದರೆ ಅವಳಿಗೆ ಸ್ಫೂರ್ತಿ ಹುಡುಗಿ ಎಂದೇ ಹೆಸರಿಟ್ಟೆವು. ಸಮುದ್ರ, ಚಂದ್ರ, ಅಜ್ಜಿಯ ಪೆಟ್ಟಿಗೆ ಏನಾದರೂ ಸಿಗುತ್ತದೆಂದು ಕಾದಿದ್ದಳು ಪಾಪ. ನಮ್ಮ ಸ್ಫೂರ್ತಿಗಳು ಮುರಿದ ಛತ್ರಿಯ ಕಡ್ಡಿ, ಬ್ಯಾಗಿನ ಜಿಪ್ಪು, ಭಾವನ ಕ್ಲಿನಿಕ್ಕಿನಿಂದ ಕದ್ದು ತಂದ ಹಲ್ಲು ಕೆರೆಯುವ ಕೊಕ್ಕೆ. ಎಲ್ಲಕ್ಕಿಂತ ಹೆಸರಾದದ್ದು ಚಿಲಕದ ಸರ. ಸರದ ಕೊಂಡಿ ಕತ್ತಿನ ಹಿಂದೆ ಇರದೆ ಮುಂದೆಯೇ ಇದೆ, ಬಾಗಿಲ ಚಿಲಕದ ಹಾಗೆ ಎತ್ತಿ ಬಿಟ್ಟರೆ ಟಕ್ಕೆಂದು ಕೂರುತ್ತದೆ.

ಇವತ್ತು ಪತ್ರಿಕೆ ಬಂತು. ಅದರಲ್ಲಿ ಅಚ್ಚಾಗಿದೆ: “ಬಚ್ಚಲುಮನೆಯ ಚಿಲಕ ನೋಡಿ ಇದು ನನಗೆ ಹೊಳೆದದ್ದು, ಎನ್ನುತ್ತಾರೆ ಹಿರಿಯ ಸೋದರಿ.”

“ನನಗೆ ಅಂದ್ಯಾ?” ಎಂದು ಕೇಳಿದೆ.

“ನಮಗೆ ಅಂದೆ ಕಣೇ. ಅವಳು ತಪ್ಪು ಬರ್ಕೊಂಡಿದ್ದಾಳೆ.”

“ಕೇಳಿಸಿದ್ದನ್ನೇ ಬರ್ಕೊಂಡಿರ್ತಾಳೆ.”

“ಒಂದಕ್ಷರಕ್ಕೆ ಇಷ್ಟು ಕುಣೀತೀಯಲ್ಲ!”

“ಆ ಒಂದಕ್ಷರದಲ್ಲಿ ನಾನಿದ್ದೆ.”

ಅಲ್ಲಿಂದ ಮಾತು ಎಲ್ಲೆಲ್ಲೋ ಹೋಯಿತು. ಕೊನೆಗೆ ‘ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ’ ಎಂದದ್ದು ನಾನೋ ಅದೋ ನೆನಪಿಲ್ಲ, ಇಬ್ಬರೂ ಒಪ್ಪಿಕೊಂಡೆವು. ನಾನು ಜಗಳಗಂಟಿಯಲ್ಲ. ಇದನ್ನು ಬರೆದಿಟ್ಟಿರಲಿ.

ಮಾರ್ಚ್ ೪, ಬುಧವಾರ

ಫ್ಯಾನ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಎರಡು ಬೆಂಚುಗಳ ನಡುವೆ ನಿಲ್ಲಿಸಿದೆ. ಈಗ ಆ ಮುಖ ಕಾಣುವುದಿಲ್ಲ. ತಲೆಯ ಮೇಲಿನ ಗಂಟು ಮಾತ್ರ ಕಾಣುತ್ತದೆ, ಅಷ್ಟನ್ನು ಸಹಿಸಿಕೊಳ್ಳಬಹುದು. ತೊಂದರೆ ಏನೆಂದರೆ ಬೆಸುಗೆ ಹಾಕುವ ಗ್ಯಾಸ್ ಟಾರ್ಚ್ ಇರುವುದು ಒಂದೇ. ನಾನೇ ಎದ್ದು ಸುತ್ತಿ ಹೋಗಿ ಕೊಡುವುದು ಮರ್ಯಾದೆಗೆ ಕಡಿಮೆ. ಮಧ್ಯಾಹ್ನ ರಟ್ಟಿನಲ್ಲಿ ಟಾರ್ಚ್ ತೂರುವಷ್ಟು ಕಂಡಿ ಕೊರೆದೆ.

ಎದುರು ಬೆಂಚು ನನ್ನ ಹತ್ತಿರ ಮಾತಾಡಲಿಲ್ಲ. ಇಕ್ಕಳದ ಹತ್ತಿರ ಮಾತಾಡಿತು. “ಕೆಲವರು ಚಿಮಟ ತಗೊಂಡ್ರೆ ಇದ್ದ ಜಾಗಕ್ಕೆ ಇಡೋದೇ ಇಲ್ಲ, ಅಲ್ವಾ?”

ನಾನು ಸುತ್ತಿಗೆಗೆ ಹೇಳಿದೆ, “ಕೆಲವರಿಗೆ ಮೂಗಿನ ಮುಂದಿರೋದೂ ಕಾಣಲ್ಲ ನೋಡು.”

ಚಿಮಟ ನಿಜವಾಗಿ ನನ್ನ ಜೇಬಿನಲ್ಲಿತ್ತು. ಸಂಜೆ ಕಂಡಿಯಲ್ಲಿ ತೂರಿಸಿದೆ.

ಮಾರ್ಚ್ ೬, ಶುಕ್ರವಾರ

ಸೊಂಟ ನೋವು. ಕಾರಣ ಕಂಬಿ.

ದಪ್ಪ ಬೆಳ್ಳಿ ಕಂಬಿಯನ್ನು ಸಣ್ಣ ಮಾಡಬೇಕಾದರೆ ಸಾಲು ತೂತುಗಳಿರುವ ಉಕ್ಕಿನ ಅಚ್ಚಿನಲ್ಲಿ ಎಳೆಯಬೇಕು. ದೊಡ್ಡ ತೂತಿನಿಂದ ಶುರುಮಾಡಿ, ಮತ್ತೆ ಮತ್ತೆ ಎಳೆದು ಸಣ್ಣದಕ್ಕೆ ಬರಬೇಕು. ಇದಕ್ಕೆ ಯಂತ್ರ ಬಂದು ಎಷ್ಟೋ ಕಾಲವಾಯಿತು, ನಮ್ಮಲ್ಲಿಗೆ ಬಂದಿಲ್ಲ. ನಮ್ಮಲ್ಲಿ ಒಬ್ಬರು ಅಚ್ಚನ್ನು ಒತ್ತಿ ಹಿಡಿದು ಕೂರುತ್ತಾರೆ, ಇನ್ನೊಬ್ಬರು ಕಂಬಿಯ ತುದಿಯನ್ನು ಇಕ್ಕಳದಲ್ಲಿ ಕಚ್ಚಿಸಿ ಹಿಂದಕ್ಕೆ ನಡೆಯುತ್ತಾರೆ. ಹಿಡಿದವರು ‘ಹೂಂ’ ಎಂದಾಗ ಎಳೆಯಬೇಕು, ‘ಸಾಕು’ ಎಂದಾಗ ನಿಲ್ಲಬೇಕು.

ಇವತ್ತು ‘ಹೂಂ’ ಇಲ್ಲ. ನಾನು ನನ್ನ ಪಾಡಿಗೆ ಎಳೆದೆ. ಅದು ಇನ್ನೂ ಅಚ್ಚನ್ನು ಗಟ್ಟಿಯಾಗಿ ಹಿಡಿದೇ ಇರಲಿಲ್ಲ. ಅಚ್ಚು ಕಂಬಿ ಎಲ್ಲ ಸಮೇತ ನಾನು ಹಿಂದಕ್ಕೆ ಹೋಗಿ ಬಾಗಿಲ ಬಳಿಯ ನೀರಿನ ಬಕೆಟ್ಟಿನಲ್ಲಿ ಕುಳಿತೆ. ಎದುರು ಬೆಂಚು ಗೋಡೆಯ ಕಡೆ ತಿರುಗಿತು. ಬೆನ್ನು ಅಲುಗುತ್ತಿತ್ತು. ಅಳುತ್ತಿರಲಿಲ್ಲ, ಅದು ನನಗೆ ಗೊತ್ತು.

ಬಟ್ಟೆ ಬದಲಾಯಿಸಿ ಬಂದ ಮೇಲೆ ಅದು ಅಚ್ಚನ್ನು ನೋಡಿಕೊಂಡು “ಹೂಂ” ಎಂದಿತು. ‘ಹೂಂ’ ಎನ್ನುವುದು ಮಾತೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಅಲ್ಲ. ಬರೀ ಶಬ್ದ. ಆಮೇಲೆ ಎಳೆದೆವು.

ಮಾರ್ಚ್ ೯, ಸೋಮವಾರ

ಎರಡು ರಸ್ತೆ ಆಚೆ ಒಂದು ರೂಮು ನೋಡಿ ಬಂದೆ. ಮಹಡಿಯ ಮೇಲೆ, ಒಳ್ಳೆಯ ಬೆಳಕು, ದೊಡ್ಡ ಕಿಟಕಿ. ಮಾಲೀಕರು ನಿವೃತ್ತ ಭೂಗೋಳದ ಮೇಷ್ಟ್ರು, ಕೆಳಗಡೆಯೇ ಇದ್ದಾರೆ. “ತಿಂಗಳ ಕೊನೆಗೆ ಹೇಳಿದ್ರೆ ಸಾಕಮ್ಮ, ಅಲ್ಲಿವರೆಗೂ ಬಂದು ಕೂತು ನೋಡು. ಉತ್ತರದ ಬೆಳಕು ಬರುತ್ತೆ,” ಎಂದು ಬೀಗದ ಕೈಯನ್ನೇ ಕೊಟ್ಟುಬಿಟ್ಟರು. ಹನ್ನೊಂದು ವರ್ಷ ಒಂದೇ ರೂಮಿನಲ್ಲಿ ಉಸಿರಾಡಿದ್ದು ಸಾಕು. ನನ್ನ ಒಡವೆ, ನನ್ನ ಬೆಂಚು, ನನ್ನ ಟಾರ್ಚು.

ಚಿಲಕ ಹೊಳೆದದ್ದು ನನಗೇ ಎನ್ನುವುದಕ್ಕೆ ಸಾಕ್ಷಿ ಇದೆ, ಬರೆದಿಡುತ್ತೇನೆ. ನಾವು ಸಣ್ಣವರಿದ್ದಾಗ ಬಚ್ಚಲುಮನೆಯ ಚಿಲಕ ಸಿಕ್ಕಿಕೊಂಡು ಎದುರು ಬೆಂಚು ಒಳಗೆ ಉಳಿದುಬಿಟ್ಟಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಳಗಿನಿಂದ ಒಂದೇ ಸಮನೆ ಅಳು. ನಾನು ಹೊರಗಿನಿಂದ ಬಾಗಿಲ ಸಂದಿಯಲ್ಲಿ ಶಾಲೆಯ ಸ್ಕೇಲು ತೂರಿಸಿ ಮೇಲೆತ್ತಿದೆ. ನನಗೆ ಚಿಲಕ ಕಾಣುತ್ತಿರಲಿಲ್ಲ. ಒಳಗಿನಿಂದ ಅದು ನೋಡಿಕೊಂಡು ‘ಇನ್ನೂ ಮೇಲೆ, ಇನ್ನೂ ಸ್ವಲ್ಪ, ಈಗ ಬಿಡು’ ಎಂದು ಹೇಳುತ್ತಿತ್ತು. ಸ್ಕೇಲಿನ ತುದಿಯಲ್ಲಿ ಚಿಲಕ ಏಳುವ ಭಾರ ಇವತ್ತಿಗೂ ನನ್ನ ಬೆರಳಲ್ಲಿದೆ. ಸರದ ಕೊಂಡಿಗೆ ನಾನು ಕೊಟ್ಟದ್ದು ಅದೇ ಭಾರ. ಇನ್ನು ಚಿಲಕದ ಆಕಾರ ಯಾರು ನೋಡಿದರು ಎನ್ನುವುದು ಮುಖ್ಯವಲ್ಲ.

ಮಾರ್ಚ್ ೧೧, ಬುಧವಾರ

ಇವತ್ತು ಒಬ್ಬರು ಲೇಡಿ ಡಾಕ್ಟರು ಬಂದರು. ಕಿವಿಯ ಡಾಕ್ಟರು. ದಿನವಿಡೀ ಕಿವಿ ಮಂದವಾದವರ ಜೊತೆ ಮಾತಾಡಿ ಮಾತಾಡಿ ಅವರ ದನಿ ಆ ಎತ್ತರದಲ್ಲೇ ನಿಂತುಬಿಟ್ಟಿದೆ. ಬಾಗಿಲಲ್ಲಿ ನಿಂತು “ಒಳಗೆ ಬರಲಾ!” ಎಂದದ್ದಕ್ಕೆ ನನ್ನ ಕೈಯಲ್ಲಿದ್ದ ಉಂಗುರ ನೆಲಕ್ಕೆ ಬಿತ್ತು.

“ಇಪ್ಪತ್ತೈದನೇ ತಾರೀಕು ನನ್ನನ್ನ ಆಸ್ಪತ್ರೆಯಿಂದ ಬೀಳ್ಕೊಡ್ತಾರೆ! ಇಷ್ಟು ವರ್ಷ ಬೇರೆಯವರ ಕಿವಿ ನೋಡಿದ್ದಾಯ್ತು! ಅವತ್ತೊಂದು ದಿನ ಎಲ್ರೂ ನನ್ನ ಕಿವಿ ನೋಡ್ಬೇಕು!” ಎಂದರು. ಆಮೇಲೆ ನಡುವಿನ ರಟ್ಟು ನೋಡಿ, “ಇದೇನಿದು, ಗಾಳಿಗಾ?”

“ಹೌದು ಡಾಕ್ಟ್ರೇ,” ಎಂದೆವು ಇಬ್ಬರೂ.

“ಪತ್ರಿಕೇಲಿ ಓದಿದೆ. ನೀವಿಬ್ರೂ ಸೇರಿ ಮಾಡಿದ್ದೇ ಬೇಕು ನಂಗೆ! ಒಬ್ಬರೇ ಮಾಡಿದ್ದು ಬೇಡ!”

ಅವರಿಗೆ ಬೇಕಾದದ್ದು ಒಂದು ಜೊತೆ ಓಲೆ. ಅದು ಕಿವಿಯ ತೂತಿನಿಂದ ಹೊರಟು ಹೊರ ಅಂಚನ್ನು ಹಿಡಿದು ಮೇಲೇರಬೇಕು, ಆದರೆ ಕಿವಿ ಮುಚ್ಚಬಾರದು. ಮೆದು ತಾಮ್ರದ ತಂತಿಯನ್ನು ಅವರ ಕಿವಿಯ ಅಂಚಿಗೆ ಬಾಗಿಸಿ ಅಳತೆ ತಗೊಂಡೆ. ಅವರ ಎರಡು ಕಿವಿಯೂ ಸುಮಾರು ಒಂದೇ ಅಳತೆ, ಹಾಗಾಗಿ ಒಂದೇ ತಂತಿ ಸಾಕು. ಹೀಗಿಟ್ಟರೆ ಒಂದು ಕಿವಿ, ಮಗುಚಿದರೆ ಇನ್ನೊಂದು.

ಡಾಕ್ಟರನ್ನು ಕೆಳಗಿನವರೆಗೆ ಬಿಟ್ಟು ಬರುವಾಗ ಮೆಟ್ಟಿಲ ಪಕ್ಕದ ಕಬ್ಬಿಣದ ಕೈಕಂಬಿ ಕಣ್ಣಿಗೆ ಬಿತ್ತು. ದಿನಾ ಹಿಡಿದು ಹತ್ತುವುದೇ. ತಿರುವಿನಲ್ಲಿ ಬಾಗಿ, ಕೊನೆಗೆ ಒಂದು ಸುರುಳಿಯಾಗಿ ಮುಗಿಯುತ್ತದೆ. ಸ್ಫೂರ್ತಿ ಹುಡುಗಿ ಇದ್ದಿದ್ದರೆ ಸಮುದ್ರದ ಅಲೆ ಎಂದು ಬರೆದುಕೊಳ್ಳುತ್ತಿದ್ದಳು. ಒಂದೇ ಉಸಿರಿಗೆ ಮೇಲೆ ಬಂದು ಚಿತ್ರ ಬರೆದು ಕಂಡಿಯಲ್ಲಿ ತೂರಿಸಿದೆ. ಸ್ವಲ್ಪ ಹೊತ್ತಿಗೆ ಚಿತ್ರ ವಾಪಸ್ ಬಂತು. ಸುರುಳಿಯನ್ನು ಅದು ಅರ್ಧಕ್ಕರ್ಧ ಚಿಕ್ಕದು ಮಾಡಿತ್ತು. ಮಾಡಿದ್ದು ಸರಿಯಾಗಿತ್ತು, ಅದು ಬೇರೆ ಮಾತು.

ಮಾರ್ಚ್ ೧೨, ಗುರುವಾರ

ಎದುರು ಬೆಂಚು ಇಕ್ಕಳಕ್ಕೆ ಹೇಳಿತು, “ಎಡಗಡೇದು ನಾನು ಮಾಡ್ತೀನಿ. ಬಲಗಡೇದು ಯಾರಾದ್ರೂ ಮಾಡ್ಲಿ.”

“ಆಯ್ತಂತೆ,” ಎಂದು ಸುತ್ತಿಗೆಗೆ ಹೇಳಿದೆ.

ಇಂಥ ಹೊತ್ತಿನಲ್ಲಿ ಕೇಳುವ ಒಂದು ಪ್ರಶ್ನೆ ಇತ್ತು ಎಂದು ಮನಸ್ಸಿನ ಮೂಲೆಯಲ್ಲಿ ಏನೋ ಕೊರೆಯಿತು, ನೆನಪಾಗಲಿಲ್ಲ. ನೆನಪಾಗಿದ್ದರೂ ಕೇಳುವುದು ಹೇಗೆ? ಅದು ಹೇಳಿದ್ದು ಇಕ್ಕಳಕ್ಕೆ. ಅವರಿಬ್ಬರ ಮಾತಿನ ನಡುವೆ ಬಾಯಿ ಹಾಕಲು ನಾನ್ಯಾರು?

ಮಾರ್ಚ್ ೧೪, ಶನಿವಾರ

ಕಂಬಿ ಎಳೆದೆವು. ‘ಹೂಂ’, ‘ಸಾಕು’. ಬಕೆಟ್ಟನ್ನು ಯಾರೋ ಮೊದಲೇ ಬೇರೆ ಕಡೆ ಎತ್ತಿಟ್ಟಿದ್ದರು. ನಾನಂತೂ ಅಲ್ಲ.

ಮಾರ್ಚ್ ೧೬, ಸೋಮವಾರ

ಸ್ಫೂರ್ತಿ ಹುಡುಗಿಗೆ ಫೋನ್ ಮಾಡಿದೆ. ಅನುಮಾನ ಒಂದು ಸಲ ತೀರಿಬಿಡಲಿ. “ರೆಕಾರ್ಡಿಂಗ್ ಇದೆ ಮೇಡಂ, ಕಳಿಸ್ತೀನಿ. ನೀವೇ ಕೇಳಿ,” ಎಂದಳು.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದೆ. ಮೊದಲು ಬರೀ ಸದ್ದು. ಹಿಂದೆ ಯಾರೋ ಸುತ್ತಿಗೆಯಲ್ಲಿ ತಗಡು ಬಡಿಯುತ್ತಿದ್ದಾರೆ. ಯಾರೋ ಏನು, ನಾನೇ. ಮಾತು ಅಲ್ಲಿಗೆ ಬಂತು. “ಬಚ್ಚಲುಮನೆ ಚಿಲಕ ನೋಡಿ ಇದು ನ... ಠಣ್... ಗೆ ಹೊಳೆದದ್ದು.”

ಮತ್ತೆ ಹಾಕಿದೆ. ನ, ಠಣ್, ಗೆ. ಕಿವಿಗೆ ಒತ್ತಿಕೊಂಡು ಕೇಳಿದೆ, ದೂರ ಇಟ್ಟು ಕೇಳಿದೆ, ತಲೆದಿಂಬಿನ ಅಡಿ ಇಟ್ಟು ಕೇಳಿದೆ. ಠಣ್ ಎಂದರೆ ಠಣ್ಣೇ. ನನ್ನ ಏಟು ಯಾವತ್ತೂ ಗುರಿ ತಪ್ಪುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಅದರ ಮುಂದಿನದು ಪತ್ರಿಕೆಯಲ್ಲಿ ಬಂದಿರಲಿಲ್ಲ. “ಅಲ್ಲಿ ಬಡೀತಿದ್ದಾಳಲ್ಲ, ಅವಳ ಕೈ ನೋಡಿ. ನಾನು ಅಳತೆ ಇಟ್ಕೊಂಡು ಮಾಡ್ತೀನಿ, ಅವಳಿಗೆ ಅಳತೆ ಬೇಕಾಗಿಲ್ಲ. ಬೆಳ್ಳಿ ಅವಳ ಮಾತು ಕೇಳುತ್ತೆ. ನನ್ನ ಮಾತು ಅವಳು ಕೇಳಲ್ಲ, ಅದೊಂದೇ,” ಎಂದು ನಗುತ್ತಾಳೆ. ದನಿ ಅಷ್ಟು ಸ್ಪಷ್ಟವಿರಲಿಲ್ಲ. ಸರಿಯಾಗಿ ಅರ್ಥವಾಗಲಿ ಎಂದು ಐದಾರು ಸಲ ಕೇಳಬೇಕಾಯಿತು.

ಸಾಕ್ಷಿ ಸಿಗಲಿಲ್ಲ. ಆದ್ದರಿಂದ ನನ್ನ ನಿಲುವು ಬದಲಾಗಿಲ್ಲ.

ಮಾರ್ಚ್ ೧೮, ಬುಧವಾರ

ಕಂಡಿ ಇನ್ನಷ್ಟು ದೊಡ್ಡದು ಮಾಡಿದೆ. ಟಾರ್ಚ್ ಜೊತೆ ಟೀ ಲೋಟವೂ ದಾಟಬೇಕು, ಬಗ್ಗಿಸಿದರೆ ಚೆಲ್ಲುತ್ತದೆ.

ಮಧ್ಯಾಹ್ನ ಮೇಲೆ ಹೊಸ ರೂಮಿಗೆ ಹೋದೆ. ಒಬ್ಬಳೇ ಕೆಲಸ ಮಾಡಿ ಅಭ್ಯಾಸವಾಗಬೇಕಲ್ಲ. ಹಳೆಯದೊಂದು ಅಚ್ಚು, ಒಂದು ತುಂಡು ಕಂಬಿ ತಗೊಂಡು ಹೋಗಿದ್ದೆ. ಅಚ್ಚು ಹಿಡಿಯಲು ಜನ ಬೇಕು ಎನ್ನುವುದು ಸುಳ್ಳು ಎಂದು ತೋರಿಸುವುದು ನನ್ನ ಯೋಜನೆ. ಅಚ್ಚನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿದೆ. ಕಂಬಿ ತೂರಿಸಿದೆ, ಇಕ್ಕಳ ಕಚ್ಚಿಸಿದೆ, ನಾನೇ “ಹೂಂ” ಎಂದೆ, ನಾನೇ ಎಳೆದೆ.

ಕಂಬಿ ಬರಲಿಲ್ಲ. ಕಿಟಕಿ ಬಂತು. ಚೌಕಟ್ಟು, ಸರಳು, ಒಂದಿಷ್ಟು ಗಾರೆ, ಎಲ್ಲ ಸೇರಿ ಮಗುವಿನ ಹಾಗೆ ನನ್ನ ತೊಡೆಯ ಮೇಲೆ ಕುಳಿತಿತು. ‘ಸಾಕು’ ಎನ್ನಲು ಯಾರೂ ಇರಲಿಲ್ಲ.

ಗೋಡೆಯಲ್ಲಿ ಉಂಟಾದ ದೊಡ್ಡ ತೂತಿನಿಂದ ಬಗ್ಗಿ ನೋಡಿದೆ. ಕೆಳಗೆ ಅಂಗಳದಲ್ಲಿ ಮೇಷ್ಟ್ರು ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದವರು ತಲೆಯ ಮೇಲಿನ ಗಾರೆ ಕೊಡವಿಕೊಂಡು ಮೇಲೆ ನೋಡಿದರು.

“ಗಾಳಿ ಬೇಕಿದ್ರೆ ಕಿಟಕಿ ತೆರೆದ್ರೆ ಸಾಕಾಗಿತ್ತಲ್ಲಮ್ಮ,” ಎಂದರು.

ಬಹಳ ಒಳ್ಳೆಯ ಮನುಷ್ಯ. ಗಾರೆಯವನನ್ನು ಕರೆಸುತ್ತೇನೆ ಎಂದರೆ ಬೇಡ ಎಂದರು, ಆ ಗೋಡೆ ಮೊದಲಿಂದಲೂ ಹಾಗೇ ಅಂತೆ.

ಮಾರ್ಚ್ ೧೯, ಗುರುವಾರ

ಹಾಳಾದ ಮೇಷ್ಟ್ರು. ಅವರ ದವಡೆ ಹಲ್ಲಿಗೆ ಭಾವನೇ ಡಾಕ್ಟರು ಎಂದು ನನಗೆ ಹೇಗೆ ಗೊತ್ತಾಗಬೇಕು? ಬಾಯಿ ತೆರೆಸುವುದು ಭಾವನ ಕೆಲಸ, ತೆರೆದ ಮೇಲೆ ರೂಮು, ಕಿಟಕಿ ಎಲ್ಲ ಹೊರಗೆ ಬಂದಿದೆ.

ಬೆಳಗ್ಗೆ ಎದುರು ಬೆಂಚು ಇಕ್ಕಳ ಕೈಗೆತ್ತಿಕೊಂಡಿತು. ನಾನು ಉತ್ತರ ಸಿದ್ಧ ಮಾಡಿಕೊಂಡು ಸುತ್ತಿಗೆ ಹಿಡಿದು ಕುಳಿತೆ. ಅದು ಹಾಗೇ ಇಕ್ಕಳವನ್ನು ಕೆಳಗಿಟ್ಟಿತು. ಇಡೀ ದಿನ ಯಾವ ಉಪಕರಣದ ಜೊತೆಯೂ ಮಾತಿಲ್ಲ.

ಸಂಜೆ ಭಾವ ಫೋನ್ ಮಾಡಿದರು. “ನೋಡಮ್ಮ, ನಾನು ಮಧ್ಯೆ ಬರಲ್ಲ. ಮನೇಲಿ ಅವಳು ನನ್ನ ಜೊತೇನೂ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಬಡಿಸಿ, ‘ಎಲ್ರೂ ಹೋಗೋರೇ’ ಅಂತಾಳೆ. ನಾನೆಲ್ಲಿಗಮ್ಮ ಹೋಗ್ಲಿ?”

ಹೋಗುತ್ತೇನೆ ಎಂದು ನಾನೇ ಹೇಳಬೇಕೆಂದಿದ್ದೆ. ಬೇರೆಯವರ ಹಲ್ಲಿನ ಮೂಲಕ ಗೊತ್ತಾದದ್ದು ನನಗೂ ಇಷ್ಟವಾಗಲಿಲ್ಲ.

ಮಾರ್ಚ್ ೨೧, ಶನಿವಾರ

ಅಕ್ಕನಿಗೆ ಕೆಮ್ಮು. ಪಾಲಿಶ್ ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ಯಾವತ್ತು ಕೇಳಿದ್ದಾಳೆ? ರಟ್ಟಿನ ಆಚೆಯಿಂದ ಬೆಳಗ್ಗಿನಿಂದ ಖೊಕ್ ಖೊಕ್. ನನ್ನ ಕೆಲಸಕ್ಕೆ ತೊಂದರೆ. ಅದಕ್ಕೇ ಕಿಟಕಿ ತೆರೆದೆ, ನೀರು ಕಾಯಿಸಿದೆ, ಜೇನುತುಪ್ಪ ಬೆರೆಸಿ ಕಂಡಿಯಲ್ಲಿ ಇಟ್ಟೆ. ಖಾಲಿ ಲೋಟ ತೊಳೆದು ವಾಪಸ್ ಬಂತು.

ನನ್ನ ಓಲೆ ಮುಗಿಯಿತು. ಹೆಮ್ಮೆಯಿಂದ ಹೇಳುತ್ತಿಲ್ಲ, ಬಹಳ ಚೆನ್ನಾಗಿ ಬಂದಿದೆ. ಯಾರು ನೋಡಿದರೂ ಇದು ನನ್ನ ಕೈ ಎಂದು ಗುರುತು ಹಿಡಿಯಬೇಕು. ಅವಳದೂ ಮುಗಿದಿರಬೇಕು, ಅರದ ಸದ್ದು ನಿಂತಿದೆ. ತೋರಿಸು ಎಂದು ಕೇಳಲು ಬಾಯಿ ಬರಲಿಲ್ಲ. ಎದ್ದು ನಿಂತರೆ ರಟ್ಟಿನ ಮೇಲಿಂದ ಕಾಣುತ್ತದೆ, ಆದರೆ ನಾನು ಅಂಥವಳಲ್ಲ.

ಎದ್ದು ನಿಂತೆ. ಅವಳು ಕೈ ಅಡ್ಡ ಹಿಡಿದುಬಿಟ್ಟಳು.

ಮಾರ್ಚ್ ೨೪, ಮಂಗಳವಾರ

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಡಾಕ್ಟರು ಬಂದರು. “ನಾಳೆ ಕಾರ್ಯಕ್ರಮ! ಇವತ್ತೇ ಹಾಕಿ ನೋಡ್ತೀನಿ!”

ಅಕ್ಕ ತನ್ನ ಪೆಟ್ಟಿಗೆ ತೆರೆದು ಎಡಗಿವಿಗೆ ಹಾಕಿದಳು. ಕಂಬಿ ಕಿವಿಯ ಅಂಚಿಗೆ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತು. ಡಾಕ್ಟರು ಕನ್ನಡಿ ನೋಡಿ “ಆಹಾ!” ಎಂದ ಸದ್ದಿಗೆ ಕೆಳಗಿನ ಅಂಗಡಿಯವರು ಏನಾಯಿತೆಂದು ಕೇಳಿದರು. ನಾನು ಗಂಭೀರವಾಗಿ ನನ್ನ ಪೆಟ್ಟಿಗೆ ತೆರೆದು ಬಲಗಿವಿಗೆ ಹಾಕಿದೆ.

ಅದು ಕಿವಿಯನ್ನು ಹಿಡಿಯಲಿಲ್ಲ. ಕೆನ್ನೆಯ ಕಡೆ ಚಾಚಿಕೊಂಡು ನಿಂತು ಸುರುಳಿ ಸಮೇತ ಅಲ್ಲಾಡಿತು. ತಿರುಗಿಸಿದೆ. ಬೆಸುಗೆಯ ಹಿಂಬದಿ ಹೊರಗೆ ಬಂತು. ಮತ್ತೆ ತಿರುಗಿಸಿದೆ. ಮತ್ತೆ ಕೆನ್ನೆ.

“ಇದೇನ್ರಮ್ಮ! ನನ್ನ ಬಲಗಿವಿ ಯಾರಿಗೋ ದಾರಿ ತೋರಿಸ್ತಿದೆ!” ಎಂದರು ಡಾಕ್ಟರು.

ನಾನು ಅಕ್ಕನ ಓಲೆ ನೋಡಿದೆ. ಅಕ್ಕ ನನ್ನ ಓಲೆ ನೋಡಿದಳು. ಎರಡೂ ಎಡ. ಅವಳು ‘ಎಡ’ ಎಂದದ್ದು ಹಾಕಿಕೊಳ್ಳುವವರ ಎಡ. ನಾನು ‘ಬಲ’ ಎಂದು ಮಾಡಿದ್ದು ಎದುರು ನಿಂತು ನೋಡುವವರ ಬಲ. ನಾನು ಯಾವಾಗಲೂ ಮುಖದ ಚಿತ್ರ ಬರೆದುಕೊಂಡು ಮಾಡುವವಳು, ಅವಳು ತನ್ನ ಕಿವಿಗೇ ಹಿಡಿದು ಮಾಡುವವಳು. ಇದೇ ಕಾರಣಕ್ಕೆ ಹನ್ನೊಂದು ವರ್ಷವೂ ಒಂದೊಂದು ಜೊತೆ ಓಲೆಗೂ ಒಬ್ಬರನ್ನೊಬ್ಬರು ಒಂದೇ ಪ್ರಶ್ನೆ ಕೇಳಿಕೊಂಡೇ ಕೆಲಸ ಶುರುಮಾಡುತ್ತಿದ್ದೆವು. ಈ ಸಲ ಕೇಳಿರಲಿಲ್ಲ.

“ಯಾರ ಎಡ ಅಂತ ಕೇಳ್ಬೇಕು ತಾನೇ!” ಎಂದೆವು.

ಇಬ್ಬರೂ ಒಟ್ಟಿಗೇ ಎಂದೆವು. ಇಕ್ಕಳಕ್ಕಲ್ಲ, ಸುತ್ತಿಗೆಗಲ್ಲ.

“ಕಿರುಚ್ಬೇಡ್ರಮ್ಮ! ನನಗೆ ಕಿವಿ ಚೆನ್ನಾಗೇ ಕೇಳಿಸುತ್ತೆ!” ಎಂದು ಡಾಕ್ಟರು ಕಿರುಚಿದರು. ಸಂಜೆಗೆ ಬರುತ್ತೇನೆ, ಬಲಗಿವಿಗೆ ಬಲದ್ದೇ ಬೇಕು ಎಂದು ಹೇಳಿ ಹೋದರು.

ಒಂದು ಓಲೆಗೆ ಒಂದು ವಾರ ಹಿಡಿದಿತ್ತು, ಈಗ ಒಂದು ದಿನ. ರಟ್ಟನ್ನು ಯಾರು ತೆಗೆದೆವೋ ಗೊತ್ತಿಲ್ಲ, ಅಡ್ಡ ಬರುತ್ತಿತ್ತು. ಅಕ್ಕ ಅಚ್ಚು ಹಿಡಿದು ಕುಳಿತಳು, ನಾನು ಇಕ್ಕಳ ಕಚ್ಚಿಸಿದೆ.

“ಹೂಂ,” ಎಂದಳು. ಎಳೆಯುತ್ತಾ ಹಿಂದಕ್ಕೆ ಹೋದೆ. “ಮೆಲ್ಲಗೆ ಕಣೇ, ಇದೇನು ಕಿಟಕೀನಾ?”

ಕಂಬಿ ಎರಡು ತೂತು ಸಣ್ಣದಾದ ಮೇಲೆ ಹೇಳಿದೆ, “ರೆಕಾರ್ಡಿಂಗ್ ತರಿಸ್ಕೊಂಡು ಕೇಳಿದೆ.”

“ಹೌದಾ? ಏನಂದಿದ್ದೆ ನಾನು?”

“ಠಣ್ ಅಂದಿದ್ದೆ.”

ಅವಳಿಗೆ ಅರ್ಥವಾಗಲಿಲ್ಲ. ಹಾಕಿ ಕೇಳಿಸಿದೆ. ಆ ಜಾಗ ಬಂದಾಗ ಅಕ್ಕ ಅಚ್ಚು ಕೈಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಾ ಕೆಮ್ಮು ಬಂತು, ಬೆನ್ನು ತಟ್ಟಬೇಕಾಯಿತು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು, “ನಿಜ ಹೇಳ್ಬೇಕಂದ್ರೆ ನನಗೇ ನೆನಪಿಲ್ಲ ಕಣೇ. ನಮಗೆ ಅಂತಲೇ ಅಂದಿರ್ತೀನಿ. ಅನ್ನದೇ ಇದ್ರೂ ಅನ್ಬೇಕಾಗಿತ್ತು.” ಮುಂದಿನ ಭಾಗ ಬರುವ ಮೊದಲೇ ಆರಿಸಿದೆ. ಅದನ್ನು ಕೇಳಿದ್ದೇನೆಂದು ಅವಳಿಗೆ ಗೊತ್ತಾಗುವುದು ಬೇಡ, ತಲೆಗೇರೀತು.

ಬಾಗಿಸಿದ್ದು ಅವಳು, ಬಡಿದದ್ದು ನಾನು, ಬೆಸುಗೆಗೆ ಅವಳು ಹಿಡಿದಳು, ನಾನು ಟಾರ್ಚ್ ಹಿಡಿದೆ. ಬಲದ್ದು ಮುಗಿಯುವ ಹೊತ್ತಿಗೆ ಡಾಕ್ಟರು ಬಂದು ಕುಳಿತಿದ್ದರು. ಆಗ ಹೊಸ ತಕರಾರು ಶುರುವಾಯಿತು. ಎಡಕ್ಕೆ ಎರಡಿವೆ, ಯಾವುದು ಕೊಡುವುದು?

“ನಿಂದು ಕೊಡೋಣ,” ಎಂದಳು ಅಕ್ಕ.

“ಬೇಡ, ನಿಂದೇ ಸರಿಯಾಗಿ ಕೂತಿತ್ತು. ಬೆಳಗ್ಗೆ ನೋಡಿದ್ವಲ್ಲ.”

“ನನ್ನ ಬೆಸುಗೆ ದಪ್ಪ ಆಗಿದೆ. ನಿಂದರ ಸುರುಳಿ ನೋಡು, ಎಷ್ಟು ಚೆನ್ನಾಗಿ ಮುಗಿಸಿದ್ದೀಯ.”

“ನಿಂದು ಅಂದ್ರೆ ನಿಂದು!”

“ದೊಡ್ಡವಳು ಹೇಳಿದ್ ಕೇಳು!”

ದನಿ ಎಲ್ಲಿಗೆ ಮುಟ್ಟಿತೆಂದರೆ ಡಾಕ್ಟರು ಕಿವಿ ಮುಚ್ಚಿಕೊಂಡರು. ಅಷ್ಟರಲ್ಲಿ ಗಮನಿಸಿದೆ. ನನ್ನ ಸುರುಳಿ ಎಂದು ಅಕ್ಕ ಹೊಗಳುತ್ತಾ ಹಿಡಿದಿದ್ದದ್ದು ತನ್ನದನ್ನೇ. ನಾನು ತಿದ್ದಲಿಲ್ಲ. ಅಥವಾ ನನ್ನದೇ ಇದ್ದರೂ ಇರಬಹುದು, ಪಾಲಿಶ್ ಹಾಕಲು ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿದ್ದೆವು, ಈಗ ನನಗೂ ಖಾತ್ರಿ ಇಲ್ಲ. ಕೊನೆಗೆ ಡಾಕ್ಟರೇ ಕೈಗೆ ಸಿಕ್ಕಿದ ಒಂದನ್ನು ಎತ್ತಿಕೊಂಡರು. “ನನಗಿರೋದು ಒಂದೇ ಎಡಗಿವಿ! ಬರ್ತೀನಿ!”

ಸಾಮಾನು ಎತ್ತಿಡುವಾಗ ಅಕ್ಕ ನನ್ನ ಕಡೆ ನೋಡದೆ ಕೇಳಿದಳು, “ಹೊಸ ರೂಮಿಗೆ ಯಾವಾಗ ಹೋಗ್ತೀಯ?”

“ಮೇಷ್ಟ್ರಿಗೆ ತಿಂಗಳ ಕೊನೆಗೆ ಹೇಳ್ಬೇಕು.”

“ಬೆಳಕು ಚೆನ್ನಾಗಿದೆಯಂತೆ.”

“ಉತ್ತರದ ಬೆಳಕು.”

“ಒಳ್ಳೇದು. ನಿನಗೆ ಬೇಕನ್ಸಿದ್ರೆ ಹೋಗು, ನಾನು ಬೇಡ ಅನ್ನಲ್ಲ,” ಎಂದಳು. ಆಮೇಲೆ ನನ್ನ ಬೆಂಚಿನ ಮೇಲಿದ್ದ ಬೆಳ್ಳಿಯ ಪುಡಿಯನ್ನೂ ತಾನೇ ಗುಡಿಸಿದಳು. ನನಗೆ ಬಹಳ ಬೇಜಾರಾಯಿತು. ಒಂದು ಸಲ ಬೇಡ ಎಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಮಾರ್ಚ್ ೨೬, ಗುರುವಾರ

ಡಾಕ್ಟರು ಫೋನ್ ಮಾಡಿದ್ದರು. ಎಲ್ಲರೂ ಅವರ ಕಿವಿಯನ್ನೇ ನೋಡಿದರಂತೆ. ಫೋನನ್ನು ಮೇಜಿನ ಮೇಲಿಟ್ಟು ಇಬ್ಬರೂ ನಮ್ಮ ನಮ್ಮ ಬೆಂಚಿನಲ್ಲೇ ಕುಳಿತು ಕೇಳಿಸಿಕೊಂಡೆವು.

ಉಳಿದ ಎಡ ಅಕ್ಕನ ಕಿವಿಯಲ್ಲಿದೆ. ಒಂದೇ ಕಿವಿಗೆ ಹಾಕಿಕೊಂಡು ಓಡಾಡುತ್ತಾಳೆ. ಅದನ್ನು ನೋಡಿ ಒಬ್ಬರು ಅಂಥದ್ದೇ ಒಂಟಿ ಓಲೆ ಬೇಕೆಂದು ಹೇಳಿ ಹೋದರು.

“ಯಾವ ಕಿವಿಗೆ?” ಎಂದು ಅಕ್ಕ ಅವರನ್ನು ಕೇಳಿದಳು. “ಎಡಕ್ಕೆ,” ಎಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಹೋದ ಮೇಲೆ ಬಹಳ ನಕ್ಕೆವು.

ಮಾರ್ಚ್ ೩೦, ಸೋಮವಾರ

ಮಧ್ಯಾಹ್ನ ಬೀಗದ ಕೈ ತಗೊಂಡು ಮೇಷ್ಟ್ರ ಮನೆಗೆ ಹೋದೆ. ಅಕ್ಕನಿಗೆ ಹೇಳಿ ಹೋಗಲಿಲ್ಲ. ಹೇಳಿದರೆ ‘ನಿನಗೆ ಬೇಕಾದ್ದು ಮಾಡು’ ಎಂದು ಇನ್ನೊಂದು ಸಲ ದೊಡ್ಡತನ ತೋರಿಸುತ್ತಾಳೆ, ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಮೇಷ್ಟ್ರು ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು. ಕಿಟಕಿಗೆ ಸಿಮೆಂಟು ಹಾಕಿಸಿ ಗಟ್ಟಿ ಮಾಡಿಸಿದ್ದರು. ಸರಳನ್ನು ತಾವೇ ಹಿಡಿದು ಜಗ್ಗಿ ತೋರಿಸಿದರು.

“ಈಗ ಎಷ್ಟು ಬೇಕಾದ್ರೂ ಎಳಿ, ಬರಲ್ಲ.”

“ಕ್ಷಮಿಸಿ ಸಾರ್. ರೂಮು ಬೇಡ,” ಎಂದು ಬೀಗದ ಕೈ ಮುಂದೆ ಹಿಡಿದೆ.

ಅವರ ಮುಖ ಸಣ್ಣದಾಯಿತು. “ಯಾಕಮ್ಮ? ಬೆಳಕು ಸಾಲಲ್ವಾ?”

ಬಾಯಿಗೆ ಬಂದದ್ದು ಹೇಳಿದೆ. “ಬೆಳಕಿದೆ ಸಾರ್. ಕಂಬಿ ಎಳೆಯೋಕೆ ಜಾಗ ಸಾಲಲ್ಲ.”

ಭೂಗೋಳದವರಲ್ಲವೇ, ಜಾಗದ ಮಾತು ಬಂದರೆ ಬಿಡುವವರಲ್ಲ. ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದರು, ಬಾಗಿಲು ತೆರೆದಿಟ್ಟರೆ ಹೊರಗಿನ ಹಜಾರವೂ ಸಿಗುತ್ತದೆ ಎಂದರು, ಬೇಕಿದ್ದರೆ ಒಳಗಿನ ಕಪಾಟು ತೆಗೆಸುತ್ತೇನೆ ಎಂದರು.

“ಇದೂ ಸಾಲಲ್ಲ ಅಂದ್ರೆ ನಿನಗೆ ಎಷ್ಟಮ್ಮ ಜಾಗ ಬೇಕು?”

“ಇನ್ನೊಬ್ರು ನಿಲ್ಲೋವಷ್ಟು.”

“ಇಲ್ಲಿ ಹತ್ತು ಜನ ನಿಲ್ಲಬಹುದಲ್ಲಮ್ಮ!”

“ನಿಲ್ಲಬಹುದು ಸಾರ್,” ಎಂದೆ. “ಆದ್ರೆ ನಮ್ಮಕ್ಕ ಅಲ್ಲಿದ್ದಾಳೆ.”